ಕೊಳ್ಳುವ ಮುಂಚೆ ಒಂದು ಕರೆ

ಆಗ ನಾನು ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಫೀಸಿನಲ್ಲಿ ನಾನೊಬ್ಬನೇ. ಆಳುಗಳ ಹಾಜರಿ ಬರೆಯುವವನೂ ನಾನೇ, ಫೋನ್ ಎತ್ತುವವನೂ ನಾನೇ. ವರ್ಗವಾಗಿ ಹೊರಟಿದ್ದ ಶಾಲೆ ಮೇಷ್ಟ್ರು ತಮ್ಮ ಹಳೇ ಮೊಬೈಲ್ ಮಾರುತ್ತಾರೆಂದು ಕೇಳಿ ಒಂದು ಭಾನುವಾರ ಅವರಲ್ಲಿಗೆ ಹೋದೆ.

ನಾನು ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಕಣದಲ್ಲಿ ಕಾಫಿ ಒಣಗಿದೆಯೆಂದು ಮೇಸ್ತ್ರಿ ಆಣೆ ಮಾಡಿದರೂ ಎರಡು ಬೀಜ ಹಲ್ಲಲ್ಲಿ ಕಚ್ಚಿ ನೋಡಿಯೇ ಹೂಂ ಅನ್ನುತ್ತಿದ್ದೆ. ಮೊಬೈಲನ್ನೂ ಹಾಗೇ ನೋಡಿದೆ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯಾ ಎಂದು ಸವರಿದೆ, ಒಂದೊಂದೇ ಗುಂಡಿ ಒತ್ತಿದೆ, ಚಾರ್ಜರ್ ಚುಚ್ಚಿ ಅಲ್ಲಾಡಿಸಿದೆ. ಮೇಷ್ಟ್ರಿಗೆ ರೇಗಿತು.

‘ಹೆಣ್ಣು ನೋಡೋಕೂ ಯಾರೂ ಇಷ್ಟು ಹೊತ್ತು ತಗೊಳ್ಳಲ್ಲ ಮಾರಾಯ್ರೇ. ಬನ್ನಿ, ಒಂದು ಕಾಲ್ ಮಾಡಿಯೇ ನೋಡಿ’ ಎಂದರು.

ಸಿಗ್ನಲ್ ಸಿಗುತ್ತಿದ್ದುದು ಗುಡ್ಡದ ನೆತ್ತಿಯ ಬಂಡೆಯ ಮೇಲೆ ಮಾತ್ರ. ಅಲ್ಲಿಗೆ ಹತ್ತಿದ ಮೇಲೆ ಯಾರಿಗೆ ಮಾಡುವುದೆಂದು ತೋಚಲಿಲ್ಲ. ನನಗೆ ಬಾಯಿಪಾಠವಿದ್ದದ್ದು ಒಂದೇ ನಂಬರು, ನಮ್ಮ ಆಫೀಸಿನದು. ಅದನ್ನೇ ಒತ್ತಿದೆ. ರಿಂಗ್ ಆಗುವುದು ಸ್ಪಷ್ಟವಾಗಿ ಕೇಳಿತು. ನಾನೇ ಬೀಗ ಹಾಕಿ ಬಂದಿದ್ದ ಕೋಣೆ, ಮೇಜಿನ ಹಿಂದಿನ ನನ್ನ ಕುರ್ಚಿ ಕಣ್ಣೆದುರು ಬಂದವು. ಆದರೂ ಕಿವಿಯಿಂದ ತೆಗೆಯಲು ಮನಸ್ಸಾಗಲಿಲ್ಲ. ತಾನಾಗಿ ಕಟ್ ಆಗುವವರೆಗೂ ಹಿಡಿದುಕೊಂಡೇ ನಿಂತಿದ್ದೆ.

‘ಅಲ್ಲಿ ಯಾರೂ ಇಲ್ವಾ?’ ಎಂದು ಮೇಷ್ಟ್ರು ಕೇಳಿದರು.

‘ಒಬ್ಬ ಇದ್ದಾನೆ. ಈಗ ಹೊರಗೆ ಹೋಗಿದ್ದಾನೆ’ ಎಂದೆ.