ಮೂರನೆಯ ಖಾನೆ

ಅಕ್ಕೋರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕಲ್ಲಿನ ಚೀಲ ಹೊತ್ತೂ ಹೊತ್ತೂ ಆದದ್ದು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ಆದರೆ ನನಗೆ ಅಕ್ಕೋರೆಂದರೆ ಇವರೊಬ್ಬರೇ. ಆಳಂದದವರು. ನಮ್ಮೂರು ಅತನೂರಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದರು. ಶನಿವಾರ ಊರಿಗೆ ಹೋಗಿ ಸೋಮವಾರದ ಮೊದಲ ಬಸ್ಸಿಗೆ ಬರುವರು. ಚೀಲ ಇಳಿಸಿಕೊಡಲು ಹೋದ ಕಂಡಕ್ಟರ್, "ಏನ್ ತುಂಬೀರ್ರಿ ಅಕ್ಕೋರ, ಕಲ್ಲೇನು?" ಎನ್ನುತ್ತಿದ್ದ. "ಹೌದ್ರಿ, ಕಲ್ಲೇ," ಎನ್ನುತ್ತಿದ್ದರು. ಅವನು ಚೇಷ್ಟೆ ಎಂದುಕೊಂಡು ನಗುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆರನೆಯ ಇಯತ್ತೆ. ಪುಸ್ತಕದಲ್ಲಿ ಶಿಲೆಗಳ ಪಾಠ ಅರ್ಧ ಪುಟವಿತ್ತು. ಅಕ್ಕೋರಿಗಿಂತ ಮೊದಲಿದ್ದ ಮಾಸ್ತರರು ಅದನ್ನು ನಮ್ಮಿಂದ ಗಂಟಲು ಹರಿಯುವಂತೆ ಕೂಗಿಸಿ ಮುಗಿಸಿಬಿಟ್ಟಿದ್ದರು. ಅಕ್ಕೋರು ಪುಸ್ತಕ ಮುಚ್ಚಿಸಿ, ಮೂರು ಖಾನೆ ಮಾಡಿಸಿದ್ದ ಒಂದು ಕಟ್ಟಿಗೆಯ ಪೆಟ್ಟಿಗೆ ತೆರೆದರು. ಮೊದಲ ಖಾನೆಯಲ್ಲಿ ನಮ್ಮ ಹೊಲದ್ದೇ ಕರಿಕಲ್ಲು.

"ಇದು ಬೆಂಕ್ಯಾಗ ಹುಟ್ಟಿದ್ದು. ನೀವು ಕುಂತ ಈ ನೆಲ ಒಂದು ಕಾಲಕ್ಕ ಅಂಬಲಿ ಹಂಗ ಕುದ್ದು ಹರದದ."

ನಾವೆಲ್ಲ ಕಾಲು ಎತ್ತಿಕೊಂಡೆವು. ಎರಡನೆಯ ಖಾನೆಯಲ್ಲಿ ಜೇವರ್ಗಿ ಕಡೆಯಿಂದ ತಂದ ಪರಸಿ, ಮನೆಮನೆಯ ನೆಲಕ್ಕೆ ಹಾಸುವ ಕಲ್ಲು. ನೀರಿನ ತಳದಲ್ಲಿ ಕೆಸರು ಪದರು ಪದರಾಗಿ ಕುಳಿತು ಆದದ್ದು ಎಂದರು. ಅದನ್ನು ಕೆರೆದು ಪುಡಿ ಮಾಡಿ ಲಿಂಬೆಹಣ್ಣು ಹಿಂಡಿದರೆ ಸಣ್ಣಗೆ ನೊರೆ ಬಂತು. ಮೂರನೆಯ ಖಾನೆ ಖಾಲಿ.

"ಪರಸಿಯಂಥ ಸುಣ್ಣದ ಕಲ್ಲು ನೆಲದ ಹೊಟ್ಟ್ಯಾಗ ಶಾಖಕ್ಕೂ ಭಾರಕ್ಕೂ ಸಿಕ್ಕರ ರೂಪ ಬದಲಿ ಅಮೃತಶಿಲೆ ಆಗತದ. ಅದು ನಮ್ಮ ಕಡಿ ಸಿಗಂಗಿಲ್ಲ."

ಸಿಗದಿದ್ದರೇನಂತೆ, ಮಾಡಿದರಾಯಿತು ಎಂದುಕೊಂಡೆ ನಾನು. ಮಹಾ ಶಾಣ್ಯಾಕಿ!

ಮರುದಿನ ಅವ್ವ ನೀರಿಗೆ ಹೋದಾಗ ಅಂಗಳದಲ್ಲಿದ್ದ ಪರಸಿಯ ತುಂಡನ್ನು ಒಲೆಯ ಕೆಂಡದಲ್ಲಿ ಹುಗಿದೆ. ಭಾರ ಬೇಕಲ್ಲ, ಅದರ ಮೇಲೆ ಖಾರ ಅರೆಯುವ ಗುಂಡುಕಲ್ಲು ಹೇರಿದೆ. ಅವ್ವ ಕೊಡ ಇಳಿಸಿ ಬಂದು, "ಇದನ್ಯಾಕ ಒಲ್ಯಾಗ ಇಟ್ಟಿ ಬೇ?" ಎಂದು ಬಗ್ಗಿದಳು. ಪರಸಿ ಢಬ್ ಎಂದು ಸಿಡಿಯಿತು. ಚೂರೊಂದು ಅವ್ವನ ಹುಬ್ಬಿಗೆ ಹೊಡೆಯಿತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಅರಿಸಿನ ಒತ್ತಿ ರಕ್ತ ನಿಲ್ಲಿಸಿಕೊಂಡು, ನನ್ನಿಂದ ಅಕ್ಕೋರ ಪಾಠದ ಸಂಗತಿ ಕೇಳಿದ ಮೇಲೆ ಅವ್ವ ಬಾಯಿ ಬಿಟ್ಟಳು. "ಹೊಲದಾಗ ಕಲ್ಲು ಆರಿಸೋದು ನನ್ನ ಹಣ್ಯಾಗ ಬರದಿತ್ತು, ನಿನಗರೆ ತಪ್ಪಲಿ ಅಂತ ಸಾಲಿಗಿ ಕಳಿಸಿದ್ರ ಅಲ್ಲೂ ಕಲ್ಲೇ ಕಲಸ್ತಾಳಂತ ಆಕಿ! ಸಾಲಿ ಬಂದ್. ನಡಿ ಹೊಲಕ್ಕ, ಬೇಕಾದಷ್ಟು ಕಲ್ಲದಾವ."

ನಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಹುಡುಗಿ ಮತ್ತೆ ಶಾಲೆಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಬುಟ್ಟಿಗೆ ಕಲ್ಲು ಹಾಕುತ್ತ ಅತ್ತೆ.

ಸುದ್ದಿ ಕೇಳಿ ಅಂದು ಸಂಜೆಯೇ ಅಕ್ಕೋರು ಮನೆಗೆ ಬಂದರು. "ಹುಡುಗೀನ ಕಳಸ್ರಿ." "ಇಲ್ರಿ." ಕೂತ್ಕೊರಿ ಎಂದೂ ಅವ್ವ ಅನ್ನಲಿಲ್ಲ. ಮರುದಿನವೂ ಬಂದರು, ಮೂರನೆಯ ದಿನವೂ ಬಂದರು. ಅದೇ ಮಾತು, ಅದೇ ಉತ್ತರ. ಆ ಶನಿವಾರ ಅವರು ಆಳಂದಕ್ಕೆ ಹೋಗಲಿಲ್ಲ. ರವಿವಾರ ಬೆಳಗ್ಗೆ ಸೀದಾ ಹೊಲಕ್ಕೇ ಬಂದು, ಸೆರಗು ಸಿಕ್ಕಿಸಿ, ಅವ್ವನ ಪಕ್ಕದ ಸಾಲಿನಲ್ಲಿ ಕಲ್ಲು ಆರಿಸತೊಡಗಿದರು. ಒಂದು ಬುಟ್ಟಿ ತುಂಬಿಸಿ ಬದುವಿಗೆ ಸುರಿದರು.

ಆಮೇಲೆ ಅಂದರು, "ತಪ್ಪು ನಂದದ ಯವ್ವಾ. ಕಲ್ಲು ರೂಪ ಬದಲಾಗಾಕ ಲಕ್ಷಗಟ್ಟಲೆ ವರ್ಷ ಬೇಕು ಅಂತ ಮಕ್ಕಳಿಗಿ ಹೇಳಲಿಲ್ಲ. ಪರಸಿ ಬೆಂಕಿಗಿ ಸಿಡೀತದ ಅಂಬೋದು ನನಗೇ ಗೊತ್ತಿದ್ದಿಲ್ಲ."

ಅವ್ವ ಆಗ ತಲೆ ಎತ್ತಿದಳು. "ಅಯ್ಯ ಶಿವನೇ, ಇಷ್ಟು ಓದೀರಿ, ಅಷ್ಟು ಗೊತ್ತಿಲ್ಲೇನ್ರಿ? ಒಲಿಗಿ ಕರಿಕಲ್ಲು, ನೆಲಕ್ಕ ಪರಸಿ. ಪರಸಿ ಮ್ಯಾಲ ಒಲಿ ಹೂಡಬಾರದು ಅಂತ ನಾ ಸೊಸಿಯಾಗಿ ಬಂದ ದಿನಾನೇ ನಮ್ಮತ್ತಿ ಹೇಳಿದ್ದಳು."

ಅಕ್ಕೋರು ಬದುವಿನ ಮೇಲೆ ಕೂತು ಚೀಲದಿಂದ ವಹಿ ತೆಗೆದರು. "ಇನ್ನೊಮ್ಮೆ ಹೇಳ್ರಿ, ಬರ್ಕೋತೇನಿ."

ಅವ್ವ ಹೇಳಿದ್ದನ್ನು ಯಾರೂ ಅಲ್ಲಿಯವರೆಗೆ ಬರೆದುಕೊಂಡಿರಲಿಲ್ಲ. ಅವಳು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟಳು. ಮೆಲ್ಲಗೆ ಇನ್ನೊಮ್ಮೆ ಹೇಳಿದಳು.

"ನಾಳೆ ಸಾಲಿಗಿ ಬಂದು ಮಕ್ಕಳಿಗೂ ಇದನ್ನೇ ಹೇಳ್ರಿ. ಬರುವಾಗ ಹುಡುಗೀನ ಕರ್ಕೊಂಡು ಬರ್ರಿ."

"ನಾನು? ಹೆಬ್ಬೆಟ್ಟಿನಾಕಿ?"

"ಮಕ್ಕಳಿಗಿ ಓದು ನಾ ಕಲಸ್ತೇನಿ. ಇದನ್ನ ನೀವೇ ಹೇಳಬೇಕು."

ಸೋಮವಾರ ಅವ್ವ ಹುಬ್ಬಿನ ಮೇಲೆ ಅರಿಸಿನದ ಪಟ್ಟಿ, ತಲೆಯ ಮೇಲೆ ಸೆರಗು, ನನ್ನ ಜತೆ ಶಾಲೆಯ ಬಾಗಿಲ ಬಳಿ ನಿಂತಳು. ಆಮೇಲೆ ಒಳಗೆ ಬಂದು ಸಿಡಿದ ಚೂರನ್ನು ಅಕ್ಕೋರ ಮೇಜಿನ ಮೇಲೆ ಕುಕ್ಕಿ, ಬೀಸುಕಲ್ಲಿಗೆ ಎಂಥದು ಬೇಕು, ಬಡಿದಾಗ ಯಾವ ಕಲ್ಲು ಹೇಗೆ ನುಡಿಯುತ್ತದೆ, ಎಲ್ಲ ಹೇಳಿದಳು. ನಮ್ಮ ತುಂಟರ ಗುಂಪೂ ಮುಂದೆ ಬಾಗಿ ಕೇಳಿತು. ನಾನು ನನ್ನ ಜಾಗದಲ್ಲಿ ಹೋಗಿ ಕೂತೆ. ಮುಂದೆ ಯಾರೂ ನನ್ನನ್ನು ಅಲ್ಲಿಂದ ಎಬ್ಬಿಸಲಿಲ್ಲ. ಈಗ ನಾನೂ ಒಂದು ಶಾಲೆಯ ಅಕ್ಕೋರು. ಆ ಜಿದ್ದಿನ ಹೆಂಗಸು ನಾಲ್ಕು ದಿನ ಅವ್ವನ ಬೆನ್ನು ಹತ್ತದಿದ್ದರೆ ನಾನು ಇಂದಿಗೂ ಆ ಹೊಲದಲ್ಲೇ ಇರುತ್ತಿದ್ದೆ.

ತೊಂಬತ್ತರ ದಶಕದಲ್ಲಿ ಅಕ್ಕೋರು ಆಳಂದದಲ್ಲಿ ತೀರಿಕೊಂಡರು. ನಾನು ಮಣ್ಣಿಗೆ ಹೋಗಿ ಬಂದ ಕೆಲವು ದಿನಕ್ಕೆ ಅವರ ತಮ್ಮ ಆ ಪೆಟ್ಟಿಗೆ ತಂದುಕೊಟ್ಟರು, ನನಗೆ ಕೊಡಬೇಕೆಂದು ಅಕ್ಕ ಹೇಳಿಟ್ಟಿದ್ದಳಂತೆ. ಮೊದಲ ಖಾನೆಯಲ್ಲಿ ಕರಿಕಲ್ಲು, ಎರಡನೆಯದರಲ್ಲಿ ಪರಸಿ. ಮೂರನೆಯದು ಖಾಲಿ ಇರಲಿಲ್ಲ. ಮಸಿ ಹಿಡಿದ ಆ ಚೂರು ಅದರಲ್ಲಿತ್ತು, ಅಡಿಯಲ್ಲಿ ಅವರ ದುಂಡಗಿನ ಅಕ್ಷರದ ಚೀಟಿ. ಅವ್ವನಿಗೆ ಓದಿ ಹೇಳಿದೆ: "ಪರಸಿ. ಒಲೆಗೆ ಇಟ್ಟರೆ ಸಿಡಿಯುತ್ತದೆ. ಇದನ್ನು ನನಗೆ ಕಲಿಸಿದವರು, ಅತನೂರಿನ ನನ್ನ ವಿದ್ಯಾರ್ಥಿನಿಯ ತಾಯಿ."

ಅವ್ವನ ಕೈ ಹುಬ್ಬಿನ ಕಲೆಗೆ ಹೋಯಿತು. "ಕಲಿಸಿದವರು ಅಂತ ಬರದಾರೇನು?"

"ಹೌದವ್ವ."

"ಅಕ್ಕೋರೇ ಬರದಾರ?"

"ಅವರದೇ ಅಕ್ಷರ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

"ಇನ್ನೊಮ್ಮೆ ಓದು," ಎಂದಳು.