ಮಂಗಳ ಆಗದೆ ಏಳದ ಊರು

ಮೊನ್ನೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಒಂದು ಉಪನ್ಯಾಸವಿತ್ತು. ಕುರ್ಚಿ ಸಿಗದೆ ಮೆಟ್ಟಿಲ ಮೇಲೆ ಕೂತೆ. ಶಹಾಬಾದಿ ಕಲ್ಲಿನ ಮೆಟ್ಟಿಲು. ಅದರ ತಂಪು ತಾಗಿದ್ದೇ ತಡ, ಕಿವಿ ಇಲ್ಲಿ, ಮನಸ್ಸು ರಾವೂರಿನಲ್ಲಿ. ನನ್ನ ವಯಸ್ಸಿಗೆ ಕೂತಲ್ಲೇ ಊರು ಸುತ್ತಲು ಟಿಕೇಟು ಬೇಕಿಲ್ಲ, ನೀವೂ ಬನ್ನಿ.

ಆಗ ನಾನು ರಾವೂರಿನ ಶಾಲೆಗೆ ಹೊಸ ಟೀಚರು. ಹೆಡ್‌ಮಾಸ್ತರು ಶರಣಪ್ಪನವರಿಗೆ ಒಂದೇ ಹುಚ್ಚು: ವಿಶ್ವವಿದ್ಯಾಲಯದವರು ಊರೂರಿಗೆ ಹೋಗಿ ಕೊಡುವ ಉಪನ್ಯಾಸ ನಮ್ಮೂರಿಗೂ ಬರಬೇಕು. ಚಿತ್ತಾಪುರಕ್ಕೆ ಬರುತ್ತಿತ್ತು, ಶಹಾಬಾದಿಗೆ ಬರುತ್ತಿತ್ತು. ಪಕ್ಕದ ವಾಡಿಯಲ್ಲಿ ಎಲ್ಲ ರೈಲೂ ನಿಲ್ಲುತ್ತಿದ್ದರೂ ವಿದ್ಯೆ ಮಾತ್ರ ನಮಗಾಗಿ ಇಳಿಯುತ್ತಿರಲಿಲ್ಲ. ಮಾಸ್ತರು ಅಲೆದಲೆದು ಚಪ್ಪಲಿ ಸವೆಸಿದ ಮೇಲೆ ವಿಶ್ವವಿದ್ಯಾಲಯದವರು ಒಪ್ಪಿದರು. ಆದರೆ ಜನ ಕೂತು ಕೇಳಿದರೆ ಮಾತ್ರ ಮುಂದಿನ ವರ್ಷ ಬರುತ್ತೇವೆ, ಇಲ್ಲದಿದ್ದರೆ ಇದೇ ಕೊನೆ ಎಂದರು. ಅಂದಿನಿಂದ ಮಾಸ್ತರಿಗೆ ಊಟ ಸೇರಲಿಲ್ಲ.

ಕಲ್ಲಿನ ವ್ಯಾಪಾರದ ಕಾಸಿಮ್ ಸಾಬರು ತಮ್ಮ ಅಂಗಳವನ್ನೇ ಬಿಟ್ಟುಕೊಟ್ಟರು. "ಜಮಖಾನ ಯಾಕ್ರಿ ಮಾಸ್ತರ, ಇಡೀ ಊರು ಕುಂದ್ರೋವಷ್ಟು ಕಲ್ಲು ಹಾಸ್ತೀನಿ," ಎಂದರು. ಹಾಸಿದರು ಕೂಡ.

ಇಳಿಹೊತ್ತಿಗೆ ಪ್ರೊಫೆಸರರು ಬಂದರು. ಸಣಕಲು ಮೈ, ದಪ್ಪ ಕನ್ನಡಕ. ನೀವು ಕೂತಿರುವ ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರು ಎಂದರು. ಎಷ್ಟು ಚೆಂದ ಹೇಳಿದರೆಂದರೆ, ನಾನು ಹೆಡ್ಡಿಯ ಹಾಗೆ ಸೀರೆಯ ಅಂಚು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಮಾತು ಮುಗಿಯಿತು. ವಂದನಾರ್ಪಣೆಯೂ ಆಯಿತು. ಯಾರೂ ಏಳಲಿಲ್ಲ. ಇವರಿಗೆ ಇನ್ನೂ ಬೇಕಾಗಿದೆ ಎಂದು ಪ್ರೊಫೆಸರರು ಹಿಗ್ಗಿ ಮತ್ತೆ ಶುರು ಮಾಡಿದರು. ಮುಗಿಸಿದರು. ಆಗಲೂ ಏಳಲಿಲ್ಲ. ಪಾಪ, ಬೆವರು ಒರೆಸಿಕೊಂಡು ಮತ್ತೆ ಎದ್ದು ನಿಂತರು. ಕೊನೆಗೆ ಮುಂದೆ ಕೂತಿದ್ದ ನೀಲಮ್ಮಾಯಿ ಕೈ ಮುಗಿದಳು.

"ಸರ, ಮಂಗಳ ಯಾವಾಗ ಮಾಡ್ತೀರಿ? ಎಮ್ಮಿ ಹಿಂಡೋ ಹೊತ್ತಾತು."

ಆಗ ನಮಗೆ ಹೊಳೆಯಿತು. ನಮ್ಮ ಜನ ಅದುವರೆಗೆ ಕೇಳಿದ್ದು ಮಠದ ಪುರಾಣ. ಪುರಾಣ ಕೇಳಲು ಕೂತವರು ಮಂಗಳಾರತಿ ಆಗದೆ ಏಳಬಾರದು. ಇದು ಕಾಸಿಮ್ ಸಾಬರಿಗೂ ಗೊತ್ತಿತ್ತು, ಅದಕ್ಕೇ ಅವರೂ ಕೂತಿದ್ದರು. ಗೊತ್ತಿಲ್ಲದವರು ಪ್ರೊಫೆಸರರೊಬ್ಬರೇ.

ಮಾಸ್ತರ ಮುಖ ಸಣ್ಣದಾಯಿತು. ವಾಡಿಗೆ ಕಳಿಸಿಕೊಡುವಾಗ ಬಾಯಿ ಬಿಟ್ಟು ಕೇಳಿದರು: "ಮ್ಯಾಲಿನವ್ರಿಗಿ ಏನಂತ ಹೇಳ್ತೀರಿ ಸರ?"

"ಜನ ಕೊನೇತನಕ ಕೂತಿದ್ರು ಅಂತ ಹೇಳ್ತೀನಿ. ಸುಳ್ಳೇನಲ್ಲವಲ್ಲ," ಎಂದು ಪ್ರೊಫೆಸರರು ನಕ್ಕರು. ದೊಡ್ಡವರು ಎಂದರೆ ಅವರು. ಅದಾದ ಮೇಲೆ ಎಷ್ಟೋ ವಿದ್ವಾಂಸರನ್ನು ಕೇಳಿದ್ದೇನೆ, ಇಷ್ಟು ಹಗುರಾಗಿ ಒಂದು ಊರಿನ ಮಾನ ಉಳಿಸಿದವರನ್ನು ಕಾಣೆ.

ಮರುವರ್ಷ ಅವರೇ ಬಂದರು. ಅದೇ ಅಂಗಳ, ಅದೇ ಕಲ್ಲು. ಸಮುದ್ರದ ಕಥೆಯನ್ನು ಅರ್ಧಕ್ಕೆ ತಂದು, ಹೊತ್ತು ನೋಡಿ, "ಇಲ್ಲಿಗೆ ಮಂಗಳ. ಇನ್ನು ಏಳ್ರಿ," ಎಂದರು.

ಯಾರೂ ಏಳಲಿಲ್ಲ.

ಪ್ರೊಫೆಸರರು ಗಾಬರಿಯಾಗಿ ಮಾಸ್ತರ ಕಡೆ ನೋಡಿದರು. ಮಾಸ್ತರು ನನ್ನ ಕಡೆ ನೋಡಿದರು. ನೀಲಮ್ಮಾಯಿ ಸೆರಗು ಸರಿ ಮಾಡಿಕೊಂಡು ಗಟ್ಟಿಯಾಗಿ ಕೂತಳು.

"ಇವತ್ತ ಎಮ್ಮಿ ಹಿಂಡೇ ಬಂದೀನ್ರಿ. ಅಷ್ಟು ನೀರು ಎಲ್ಲಿಗಿ ಹೋತು, ಅದು ಹೇಳ್ರಿ."

ಶರಣಪ್ಪ ಮಾಸ್ತರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

ಮೊನ್ನೆ ಉಪನ್ಯಾಸ ಮುಗಿಯುವ ಮೊದಲೇ ಅರ್ಧ ಸಭೆ ಎದ್ದಿತ್ತು. ಮುಗಿದ ಮೇಲೂ ನಾನು ಮೆಟ್ಟಿಲು ಬಿಡಲಿಲ್ಲ. ಮೊಣಕಾಲು ಹಿಡಿದಿದೆ ಎಂದುಕೊಂಡು ಒಬ್ಬ ಹುಡುಗಿ ಕೈ ಚಾಚಿದಳು.

"ಕಾಲು ಚಲೋ ಅವ ತಂಗಿ," ಎಂದೆ. "ಮಾತಾಡಿದವ್ರಿಗಿ ಸ್ವಲ್ಪ ನಿಂದ್ರಲಿಕ್ಕ ಹೇಳು. ನಂದೊಂದು ಕೇಳೋದದ."