ಹಬೆಯಕ್ಕನ ಕೈ

"ಆ ಮನೆ ಹಿಂದಿನ ಕಿಟಕಿಯಿಂದ ಬರೋದು ಕೆಟಲಿನ ಹಬೆ ಅಂದ್ಕೊಂಡ್ರಾ? ಅದು ಅವಳ ಸಿಟ್ಟು" ಎಂದು ಎದುರುಮನೆಯ ದರ್ಜಿ ಹೇಳುತ್ತಿದ್ದ. ಅವನ ಹೆಂಡತಿ ಅಷ್ಟಕ್ಕೇ ಬಿಡುವವಳಲ್ಲ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವಳಿಗೆ ಮೂಗನ್ನೇ ಕೋಪದಿಂದ ಮಾಡಿದ್ದಾರೆ ಎನ್ನುತ್ತಿದ್ದಳು. ಮೂಲೆಯ ಚಹಾದಂಗಡಿಯಲ್ಲಿ ಯಾರಾದರೂ ಬಾಯಿ ಸುಟ್ಟುಕೊಂಡರೆ 'ಹಬೆಯಕ್ಕನ್ನ ಮುಟ್ಟಿದ್ಯೇನೋ' ಎಂದು ನಗುವುದು ರೂಢಿಯಾಗಿತ್ತು. ಅವಳು ಎದುರಿಗೆ ಸಿಕ್ಕರೆ ಮಾತ್ರ ಅದೇ ಬಾಯಿಗಳಿಗೆ ಬೀಗ ಬಿದ್ದು, ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಯಾತಕ್ಕೆ ಸಿಟ್ಟು ಎಂದು ಕೇಳಿದವರು ಯಾರೂ ಇಲ್ಲ. ಕೇಳಬೇಕಾದರೆ ಆ ಮನೆಯೊಳಕ್ಕೆ ಹೋಗಬೇಕಿತ್ತು. ಬೀದಿಗೆ ಮುಖ ಮಾಡಿದ ಕೋಣೆಯೇ ಟೋಪಿ ಅಂಗಡಿ. ಅಲ್ಲಿ ಗಾಜಿನ ಕಪಾಟು, ಎತ್ತರದ ಕನ್ನಡಿ, ಮೇಜಿನ ಹಿಂದೆ ಅವಳ ತಮ್ಮ. ಅದರ ಹಿಂದೆ ಕಂದುಬಣ್ಣದ ಪರದೆ. ಪರದೆ ಸರಿಸಿದರೆ ಒಂದೇ ಕಿಟಕಿಯ ಕೆಲಸದ ಕೋಣೆ. ಅಲ್ಲಿ ಅಕ್ಕ, ಬೀದಿಯ ಬಾಯಲ್ಲಿ ಹಬೆಯಕ್ಕ. ಆ ಕೋಣೆಗೆ ಅಂಟಿಕೊಂಡೇ ಅಡುಗೆಮನೆ, ಅಲ್ಲಿ ತಮ್ಮನ ಹೆಂಡತಿ. ಅಪ್ಪ ಇದ್ದಾಗಲೇ ಮನೆ ಹೀಗೆ ಪಾಲಾಗಿತ್ತು. ಮಗನಿಗೆ ನಾಲಿಗೆ ಚೆನ್ನಾಗಿದೆ, ಅವನು ಮುಂದೆ ಕೂರಲಿ. ಮಗಳಿಗೆ ಕೈ ಚೆನ್ನಾಗಿದೆ, ಅವಳು ಹಿಂದೆ ಇರಲಿ ಎಂದು ಅಪ್ಪ ಹೇಳಿದ್ದ. ಅಪ್ಪ ಕಣ್ಮುಚ್ಚಿದ, ಮಾತು ಹಾಗೇ ಉಳಿಯಿತು. ಅವಳನ್ನು ಹೆಣ್ಣು ಕೇಳಿಕೊಂಡು ಬಂದವರಿಲ್ಲದೆ ಇಲ್ಲ. ಬಂದಾಗಲೆಲ್ಲ ಅಂಗಡಿಯಲ್ಲಿ ಕೆಲಸ ಹೆಚ್ಚಿರುತ್ತಿತ್ತು. ಈ ಸಲ ಆಗಲ್ಲ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ ತಮ್ಮ. ಮುಂದಿನ ವರ್ಷ ಎನ್ನುವುದು ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಕೊನೆಗೆ ಕೇಳುವವರೂ ನಿಂತರು.

ಉಳಿದದ್ದು ಕೈ. ಒತ್ತಿದ ಉಣ್ಣೆಯ ಫೆಲ್ಟ್ ಟೋಪಿ ಬಿಗಿಯಾಗಿದೆ ಎಂದು ಯಾರಾದರೂ ತಂದರೆ ಅವಳು ಮೊದಲು ಟೋಪಿಯನ್ನು ನೋಡುತ್ತಿರಲಿಲ್ಲ, ತಂದವನ ಹಣೆಯ ಮೇಲಿನ ಕೆಂಪು ಗೆರೆಯನ್ನು ನೋಡುತ್ತಿದ್ದಳು. ಎಲ್ಲಿ ಒತ್ತುತ್ತದೆ ಎಂದು ಆ ಗೆರೆಯೇ ಹೇಳುತ್ತದೆ. ಆಮೇಲೆ ಟೋಪಿಯ ಒಳಗಿನ ಚರ್ಮದ ಪಟ್ಟಿಯನ್ನು ಹೊರಕ್ಕೆ ಮಗುಚಿ, ಕೆಟಲಿನ ಮೂತಿಯಿಂದ ಒಂದಿಷ್ಟು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಸುತ್ತ ತಿರುಗಿಸುವುದು. ಉಣ್ಣೆ ಬಿಸಿಯಾಗಬೇಕು, ತೊಯ್ಯಬಾರದು. ಬೆರಳಿಗೆ ಮೆತ್ತಗೆ ಸಿಕ್ಕಿದೊಡನೆ ಒಳಗೆ ಹಿಗ್ಗಿಸುವ ಮರ ಇಡುವುದು. ಅದು ಎರಡು ಹೋಳಿನ ಮರ, ನಡುವೆ ಒಂದು ತಿರುಪು. ತಿರುಪನ್ನು ಒಂದಿಷ್ಟು ತಿರುಗಿಸುವುದು, ಉಣ್ಣೆ ಸಾಕು ಎಂದಾಗ ನಿಲ್ಲಿಸುವುದು, ಮಾರನೆಯ ದಿನದವರೆಗೆ ಮುಟ್ಟದೆ ಬಿಡುವುದು. ಟೋಪಿಯನ್ನು ಒಲೆಯ ಹತ್ತಿರ ಇಟ್ಟು ಒಣಗಿಸಲು ಹೊರಟವರನ್ನು ಕಂಡರೆ ಅವಳಿಗೆ ಪಿತ್ತ ನೆತ್ತಿಗೇರುತ್ತಿತ್ತು. ಉಣ್ಣೆಗೆ ಅವಸರ ಆಗದು, ಮುದುಡಿಕೊಂಡು ಕೂತುಬಿಡುತ್ತದೆ.

ತಮ್ಮನಿಗೆ ಅವಸರವೇ ಬಂಡವಾಳ. ಸಗಟು ವ್ಯಾಪಾರಿ ಯಾರಿಗೂ ಬೇಡವಾದ ಸಣ್ಣ ಅಳತೆಯ ಟೋಪಿಗಳನ್ನು ಅಗ್ಗಕ್ಕೆ ಕೊಟ್ಟರೆ ಇವನು ಪೆಟ್ಟಿಗೆಗಟ್ಟಲೆ ತಂದು ಜೋಡಿಸುತ್ತಿದ್ದ. ಗಿರಾಕಿ ಬಂದರೆ ಟೋಪಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನೆತ್ತಿಯ ಮೇಲೆ ಕೂರಿಸಿ, ಹೇಳಿ ಮಾಡಿಸಿದ ಹಾಗಿದೆ ಎಂದು ಕನ್ನಡಿಯ ಮುಂದೆ ನಿಲ್ಲಿಸುವುದು. ಬಿಗಿ ಎಂದರೆ ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಎನ್ನುವುದು. ಆಗಲೂ ಗಿರಾಕಿ ಮುಖ ಹಿಂಡಿದರೆ ಪರದೆಯ ಕಡೆಗೆ ಒಂದು ಕೂಗು: "ಅಕ್ಕಾ, ಇದನ್ನ ಒಂಚೂರು ನೋಡು." ಟೋಪಿ ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಬೀದಿ ನಗುತ್ತಿತ್ತು. ಅವನು ಹಾಕಿದ ಟೋಪಿಗಳನ್ನೆಲ್ಲ ಪರದೆಯ ಹಿಂದೆ ಅಕ್ಕ ಒಬ್ಬಳೇ ಸರಿಮಾಡುತ್ತಿದ್ದಳು. ಸಿಟ್ಟು ಬಾರದೆ ಇನ್ನೇನು ಬರಬೇಕು?

ಒಂದು ದಿನ ಉದ್ಯಾನದ ಬ್ಯಾಂಡಿನಲ್ಲಿ ತುತ್ತೂರಿ ಊದುವವನು ಬಂದ. ದೊಡ್ಡ ತಲೆ, ಮೆತ್ತನೆಯ ಮಾತು. ಬ್ಯಾಂಡಿನವರೆಲ್ಲ ಬೂದು ಬಣ್ಣದ ಟೋಪಿ ಹಾಕಬೇಕೆಂದು ಹೊಸ ಕಟ್ಟಳೆಯಾಗಿತ್ತು, ಅಂಗಡಿಯಲ್ಲಿ ಬೂದು ಬಣ್ಣದ್ದು ಒಂದೇ ಇತ್ತು. ತಮ್ಮ ಸಂಜೆಗೆ ಸರಿಮಾಡಿ ಕೊಡುವುದಾಗಿ ಮಾತು ಕೊಟ್ಟು ಟೋಪಿಯನ್ನು ಒಳಗೆ ತಂದ. ಅಕ್ಕ ನೋಡಿದಳು. ಇದು ಬೆರಳಗಲ ಹಿಗ್ಗಬಹುದು, ಅವನಿಗೆ ಬೇಕಾದದ್ದು ಎರಡು ಬೆರಳು. ಚರ್ಮದ ಪಟ್ಟಿ ಬಿಚ್ಚಿ ತೆಳು ಬಟ್ಟೆಯದು ಹೊಲಿದರೆ ಮಿಕ್ಕ ಜಾಗ ಸಿಗುತ್ತದೆ, ಆದರೆ ವಾರ ಬೇಕು ಎಂದಳು. ತಮ್ಮ ಸಂಜೆ ಎಂದ. ಅವಳು ವಾರ ಎಂದಳು. ಅವತ್ತು ಅವಳ ದವಡೆ ಹಲ್ಲು ಬೇರೆ ಎದ್ದು ಕುಣಿಯುತ್ತಿತ್ತು. ಟೋಪಿಯನ್ನು ಮೇಜಿನ ಮೇಲೆ ಕುಕ್ಕಿ, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಹಲ್ಲು ಕೀಳಿಸಿಕೊಳ್ಳಲು ಹೋದಳು.

ಅವಳು ತಿರುಗಿ ಬಂದಾಗ ಟೋಪಿ ಇರಲಿಲ್ಲ. ಗಿರಾಕಿ ಹಾಗೇ ತಗೊಂಡು ಹೋದ, ಸರಿಯಾಗೇ ಕೂತಿತ್ತು ಎಂದ ತಮ್ಮ. ಊದಿದ ಕೆನ್ನೆಯಲ್ಲಿ ಜಗಳವಾಡಲಾಗದೆ ಅವಳು ಹೋಗಿ ಮಲಗಿದಳು.

ಮಾರನೆಯ ಬೆಳಗ್ಗೆ ಹಾಲು ಕಾಯಿಸಿದರೆ ತೊಯ್ದ ಕುರಿಯ ವಾಸನೆ ಹೊಡೆಯಿತು. ತಮ್ಮನ ಹೆಂಡತಿ ಹಾಲಿನವನನ್ನು ಬಾಗಿಲಲ್ಲೇ ತಡೆದು, ಹಸು ಕರೆಯೋದು ಬಿಟ್ಟು ಯಾವಾಗಿಂದ ಕುರಿ ಹಿಂಡೋಕೆ ಶುರುಮಾಡಿದ್ದೀಯ ಎಂದು ಬೀದಿ ಕೇಳುವಂತೆ ಬೈದಳು. ಹಾಲಿನವನು ತನ್ನ ತಾಯಿಯ ಮೇಲೆ ಆಣೆಯಿಟ್ಟ. ಅವಳು ನಂಬಲಿಲ್ಲ. ಅಷ್ಟೂ ಹಾಲನ್ನು ಮೋರಿಗೆ ಚೆಲ್ಲಿದಳು.

ಒಂದೆರಡು ಮಳೆ ಬಿತ್ತು. ತುತ್ತೂರಿಯವನು ಟೋಪಿಯನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಬಂದ. ಮೆತ್ತನೆಯ ಮಾತು ಆ ದಿನ ಮೆತ್ತಗಿರಲಿಲ್ಲ. ಮಳೆಯಲ್ಲಿ ನಿಂತು ಊದುತ್ತಿದ್ದಾಗ ಟೋಪಿ ತಲೆಯನ್ನು ಕಚ್ಚಿ ಹಿಡಿದಿತ್ತು. ಉಸಿರು ಎಳೆದಷ್ಟೂ ಹಣೆಯ ನರ ಉಬ್ಬಿ, ನರ ಉಬ್ಬಿದಷ್ಟೂ ಟೋಪಿ ಒತ್ತಿ, ಪಲ್ಲವಿಯ ನಡುವೆ ಅವನಿಗೆ ಕಣ್ಣು ಕತ್ತಲೆಗಟ್ಟಿತ್ತು. ತಮಟೆಯವನು ಕಿವಿ ಹಿಡಿದುಕೊಂಡು, ಕೊಳಲಿನವನು ಟೋಪಿ ಹಿಡಿದುಕೊಂಡು ಎಳೆದ ಮೇಲೆ ಅದು ಕಳಚಿತಂತೆ. ನೋಡುತ್ತಿದ್ದ ಜನ ಇದೂ ಕಾರ್ಯಕ್ರಮದ್ದೇ ಎಂದು ಚಪ್ಪಾಳೆ ತಟ್ಟಿದರಂತೆ.

ಪರದೆಯ ಹಿಂದೆ ಹಬೆಯಕ್ಕ ಕೆಟಲನ್ನು ಇಳಿಸಿ ಕಿವಿಗೊಟ್ಟಳು. ಆಗ ತಮ್ಮನ ಮಾತು ಕೇಳಿಸಿತು.

"ನಮ್ಮಕ್ಕನ ಕೆಲಸ ಸಾರ್ ಅದು. ಮೊದಲು ಅವಳ ಕೈ ಹೀಗಿರಲಿಲ್ಲ. ಈಗ ವಯಸ್ಸಾಯ್ತು, ಕೈ ತಪ್ಪತ್ತೆ. ಬೇಜಾರು ಮಾಡ್ಕೋಬೇಡಿ."

ಅವಳು ಪರದೆ ಸರಿಸಿ ಹೊರಗೆ ಬಂದಳು. ಗಿರಾಕಿಯ ಹಣೆ ನೋಡಿದಳು. ಹಣೆಯ ಮೇಲೆ ಒಂದು ಕೆಂಪು ಗೆರೆ, ಹಿಂದಲೆಯಲ್ಲಿ ಇನ್ನೊಂದು. ಕಿವಿಯ ಮೇಲೆ ಏನೂ ಇಲ್ಲ. ಟೋಪಿಯನ್ನು ಇಸಿದುಕೊಂಡು ಬೋರಲು ಹಿಡಿದಳು. ಬಾಯಿ ದುಂಡಗಿತ್ತು. ಮನುಷ್ಯರ ತಲೆ ದುಂಡಗಿರುವುದಿಲ್ಲ, ಮುಂದಕ್ಕೂ ಹಿಂದಕ್ಕೂ ಉದ್ದವಾಗಿರುತ್ತದೆ; ಅವಳ ಮರವೂ ಹಾಗೇ. ದುಂಡಗಿರುವುದು ಪಾತ್ರೆ. ತಮ್ಮ ಟೋಪಿಯನ್ನು ಬಿಸಿನೀರಲ್ಲಿ ಅದ್ದಿ, ಅಡುಗೆಮನೆಯ ಪಾತ್ರೆಯ ಮೇಲೆ ಎಳೆದು ಕೂರಿಸಿ, ಒಲೆಯ ಪಕ್ಕ ಒಣಗಿಸಿದ್ದಾನೆ. ಒಲೆಯ ಕಡೆಗಿದ್ದ ಅಂಚು ಇನ್ನೂ ಸೆಟೆದುಕೊಂಡಿತ್ತು. ಅವಳು ತಲೆಯೆತ್ತಿ ನೋಡಿದರೆ ಪರದೆಯ ಸಂದಿಯಲ್ಲಿ ತಮ್ಮನ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಆ ದುಂಡು ಬಾಯಿ ನೋಡಿ, ತನ್ನ ಪಾತ್ರೆಯಲ್ಲಿ ಕಾಯಿಸಿದ ಹಾಲು ಯಾಕೆ ನಾರಿತೆಂದು ಅವಳಿಗೂ ತಿಳಿದುಹೋಗಿತ್ತು.

ಹಬೆಯಕ್ಕನಿಗೆ ಮೈಯೆಲ್ಲ ಉರಿ. ಆದರೂ ಗಿರಾಕಿಯ ಮುಂದೆ ತಮ್ಮನ ಮಾನ ತೆಗೆಯಲಿಲ್ಲ. ವಾರ ಬಿಟ್ಟು ಬರಲು ಹೇಳಿ ಕಳಿಸಿದಳು. ಅವನು ಬೀದಿ ತಿರುಗುವವರೆಗೆ ಕಾದು, ಆಮೇಲೆ ತಮ್ಮನ ಕಡೆಗೆ ತಿರುಗಿದಳು.

"ಮಾಡಿದ್ದು ನೀನು. ಅವನು ಬಂದಾಗ ನಿನ್ನ ಬಾಯಿಂದಾನೇ ಹೇಳ್ಬೇಕು."

"ಬಿಡಕ್ಕ, ಒಂದು ಮಾತು ಅಂದಿದ್ದಕ್ಕೆ ಇಷ್ಟು ರಂಪಾನಾ? ನಾನು ಮುಂದೆ ಕೂರೋನು, ನನ್ನ ಹೆಸರು ಕೆಟ್ರೆ ಅಂಗಡಿ ಮುಚ್ಚತ್ತೆ. ನಿನ್ನನ್ನ ಯಾರು ನೋಡ್ತಾರೆ?"

"ನನ್ನನ್ನ ಯಾರೂ ನೋಡಲ್ಲ. ನನ್ನ ಕೈ ನೋಡ್ತಾರೆ. ನನ್ನ ಹತ್ರ ಇರೋದು ಅದೊಂದೇ, ಅದನ್ನೂ ನೀನು ಮಾರ್ಬಿಟ್ಟೆ."

ತಮ್ಮ ನಕ್ಕು ಕಪಾಟಿನ ಗಾಜು ಒರೆಸತೊಡಗಿದ.

ಆ ವಾರ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಆಡಲಿಲ್ಲ. ತಮ್ಮನ ಹೆಂಡತಿ ಒಂದು ಮಧ್ಯಾಹ್ನ ಕೆಲಸದ ಕೋಣೆಯ ಬಾಗಿಲಲ್ಲಿ ನಿಂತು, ಹೊಟ್ಟೆಗೆ ಹಾಕಿಕೊಂಡುಬಿಡಿ ಅತ್ತಿಗೆ, ಅವರ ಸ್ವಭಾವ ನಿಮಗೆ ಗೊತ್ತಿಲ್ಲದ್ದಾ ಎಂದಳು. ಇಷ್ಟು ವರ್ಷ ಹಾಕಿಕೊಂಡೇ ಹೊಟ್ಟೆ ಹೀಗಾಗಿದೆ, ಇನ್ನು ಜಾಗವಿಲ್ಲ ಎಂದಳು ಹಬೆಯಕ್ಕ. ಆ ಹಾಲಿನವನನ್ನು ಕರೆದು ತಪ್ಪಾಯಿತು ಎಂದಾದರೂ ಹೇಳಿದೆಯಾ ಎಂದೂ ಕೇಳಿದಳು. ತಮ್ಮನ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಒಳಗೆ ಹೋದಳು.

ಕೆಲಸ ಮಾತ್ರ ನಿಲ್ಲಲಿಲ್ಲ. ಪಾತ್ರೆಯ ದುಂಡನ್ನು ಮೊದಲು ತೆಗೆಯಬೇಕಿತ್ತು. ದಿನಾ ಹಬೆ, ದಿನಾ ಒಂದಿಷ್ಟು ತಿರುಪು. ಸೆಟೆದ ಅಂಚನ್ನು ಒದ್ದೆ ಬಟ್ಟೆಯ ಕೆಳಗಿಟ್ಟು ಇಸ್ತ್ರಿ ಮಾಡಿ ಮಲಗಿಸಿದಳು. ಸುಟ್ಟು ಬಿರುಸಾಗಿದ್ದ ಚರ್ಮದ ಪಟ್ಟಿಯನ್ನು ಬಿಚ್ಚಿ ಬಿಸುಟು, ತೆಳು ಬಟ್ಟೆಯದನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿದಳು. ಹಲ್ಲು ಕಚ್ಚಿಕೊಂಡೇ ಮಾಡಿದಳು, ಆದರೆ ಆ ಸಿಟ್ಟನ್ನು ಉಣ್ಣೆಗೆ ತಾಗಿಸಲಿಲ್ಲ. ನಡುವೆ ಒಮ್ಮೆ ಎದ್ದು ಮೂರು ಬೀದಿಯಾಚೆಯ ಇಸ್ತ್ರಿ ಅಂಗಡಿಗೆ ಹೋಗಿ ಬಂದಳು. ಅಲ್ಲಿಯ ಒಡತಿ ಹಿಂದಿನ ಕೋಣೆ ಖಾಲಿ ಇದೆ, ಬೇಕಾದರೆ ಬಾ, ಹಬೆಗಂತೂ ಇಲ್ಲಿ ಬರವಿಲ್ಲ ಎಂದಳು. ಹಬೆಯಕ್ಕ ಬರುತ್ತೇನೆ ಎನ್ನಲಿಲ್ಲ. ತಮ್ಮ ಒಂದು ಮಾತು ಹೇಳಿದರೆ ಬರುವ ಅಗತ್ಯವಿಲ್ಲ ಎಂದಷ್ಟೇ ಹೇಳಿದಳು.

ತುತ್ತೂರಿಯವನು ಬಂದ. ಟೋಪಿಯನ್ನು ಅವಳೇ ಹೊರಗೆ ತಂದು ಅವನ ಕೈಗೆ ಕೊಟ್ಟಳು. ಅವನು ಹಾಕಿಕೊಂಡು ತಲೆಯನ್ನು ಅತ್ತ ಇತ್ತ ತಿರುಗಿಸಿದ, ಕೆನ್ನೆ ಉಬ್ಬಿಸಿ ಗಾಳಿಯಲ್ಲೇ ಊದಿ ನೋಡಿದ. ಮುಖ ಅರಳಿತು. ಒಳ್ಳೆಯ ಮನುಷ್ಯ, ಅವಳ ಕಡೆ ತಿರುಗಿ ತಪ್ಪು ಯಾರ ಕೈಯಲ್ಲೂ ಆಗತ್ತೆ ಅಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ.

ಅವಳು ತಮ್ಮನನ್ನು ನೋಡಿದಳು.

"ಹೇಳು."

ತಮ್ಮ ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಪರದೆಯ ಸಂದಿಯಲ್ಲಿ ಅವನ ಹೆಂಡತಿ ನಿಂತಿದ್ದಳು.

"ಹೇಳೋಕೇನಿದೆ ಸಾರ್" ಎಂದು ತಮ್ಮ ಗಿರಾಕಿಯ ಕಡೆ ನೋಡಿ ನಕ್ಕ. "ತಾನು ಕೆಡಿಸಿದ್ದನ್ನ ತಾನೇ ಸರಿಮಾಡಿದ್ದಾಳೆ. ಅಷ್ಟಾದ್ರೂ ಕೈ ಉಳಿದಿದೆಯಲ್ಲ."

ಬೀದಿಯವರು ಆ ದಿನ ದೊಡ್ಡ ಜಗಳ ಕೇಳುತ್ತದೆಂದು ಕಾದಿದ್ದರೆ ಮೋಸಹೋದರು. ಹಬೆಯಕ್ಕ ಒಳಗೆ ಹೋದಳು. ಒಲೆ ಆರಿಸಿದಳು. ಕೆಲಸಕ್ಕೆಂದು ಸೀರೆಯ ಮೇಲೆ ಕಟ್ಟಿದ್ದ ನಡುಬಟ್ಟೆ ಬಿಚ್ಚಿ ಮೊಳೆಗೆ ಹಾಕಿದಳು. ಯಾವುದೋ ಟೋಪಿಯೊಳಗೆ ಅರ್ಧ ಹಿಗ್ಗಿದ್ದ ಮರವನ್ನು, ತಿರುಪು ಸಡಿಲಿಸಿ, ಟೋಪಿಗೆ ನೋವಾಗದಂತೆ ಹೊರಗೆ ತೆಗೆದಳು. ಬಟ್ಟೆಯ ಚೀಲದಲ್ಲಿ ಎರಡು ಸೀರೆ, ಟೋಪಿ ಉಜ್ಜುವ ಕುಂಚ, ಸೂಜಿಡಬ್ಬಿ. ಮರವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಯ ಮೂಲಕವೇ ಹೊರಟಳು. ಆಗ ತಮ್ಮನ ನಗು ಹಾರಿಹೋಯಿತು.

"ಅಕ್ಕಾ, ಅದು ಅಂಗಡೀದು."

"ಬಡಗಿ ಹತ್ರ ನಿಂತು ಮಾಡಿಸಿದ್ದು ನಾನು. ಬೇಕಾದ್ರೆ ಅವನನ್ನೇ ಕೇಳು."

"ಮತ್ತೆ ಇಷ್ಟು ಟೋಪಿಗೆ ನಾನೇನು ಮಾಡ್ಲಿ?"

"ಒಳಗೆ ಪಾತ್ರೆಗಳಿವೆ."

ಬಾಗಿಲಲ್ಲಿ ನಿಂತಿದ್ದ ತುತ್ತೂರಿಯವನು ಏನೂ ತೋಚದೆ ಪಕ್ಕಕ್ಕೆ ಸರಿದ. ಹಬೆಯಕ್ಕ ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ತಮ್ಮನ ಹೆಂಡತಿ ಬರಿಗಾಲಲ್ಲಿ ಓಡಿಬಂದು ಅವಳ ಚೀಲದ ಹಿಡಿ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು.

"ನಾನಾದ್ರೂ ಹೇಳ್ಬೇಕಿತ್ತು ಅತ್ತಿಗೆ."

"ಹೌದು. ಹೇಳ್ಬೇಕಿತ್ತು" ಎಂದಳು ಹಬೆಯಕ್ಕ. ಚೀಲವನ್ನು ಬಿಡಿಸಿಕೊಂಡು, ಜಾರುತ್ತಿದ್ದ ಮರವನ್ನು ಕಂಕುಳಿಗೆ ಇನ್ನಷ್ಟು ಒತ್ತಿ ಹಿಡಿದು, ಇಸ್ತ್ರಿ ಅಂಗಡಿಯ ದಿಕ್ಕಿಗೆ ನಡೆದಳು.